ಹಸಿ ಮರಳಿನ ಹೆಜ್ಜೆ

ಹೊಳೆಯ ದಡದ ಆ ಮಠದಲ್ಲಿ ಪೂಜೆಯಷ್ಟೇ ಶ್ರದ್ಧೆಯಿಂದ ಫುಟ್‌ಬಾಲ್ ಆಡುತ್ತಿದ್ದರು. ದೇಹ ದೇವರು ಕೊಟ್ಟದ್ದು. ಅದನ್ನು ಓಡಿಸುವುದೂ ಸೇವೆ, ಓಡಿಸಿದ ಮೇಲೆ ವಿಚಾರಿಸಿಕೊಳ್ಳುವುದೂ ಸೇವೆ ಎಂದು ಗುರುಗಳು ಹೇಳುತ್ತಿದ್ದರು.

ಅದಕ್ಕೇ ಅಲ್ಲೊಂದು ಪದ್ಧತಿ. ಪಂದ್ಯದ ಮರುದಿನ ಬೆಳಗ್ಗೆ ಆಟಗಾರರು ಮಿಂದು, ಹಸಿ ಮರಳಿನ ಮೇಲೆ ಬರಿಗಾಲಲ್ಲಿ ಒಬ್ಬೊಬ್ಬರಾಗಿ ನಡೆದು ಹೋಗಬೇಕು.

ಕಣ್ಣು ಕಾಣದ ಗುರುಗಳು ಆಮೇಲೆ ಬಂದು ಒಂದೊಂದು ಹೆಜ್ಜೆಗೂ ಅಂಗೈ ಇಡುವರು. ಹಿಮ್ಮಡಿ ಎಷ್ಟು ಊರಿದೆ, ಬೆರಳು ಎಲ್ಲಿ ಎಳೆದಿದೆ ಎಂದು ಸವರಿ ನೋಡುವರು. ಇವನಿಗೆ ಎಣ್ಣೆ ನೀವಿ, ಇವನು ಎರಡು ದಿನ ಮಲಗಲಿ, ಇವನು ಮುಂದಿನ ಆಟಕ್ಕೆ ಬೇಡ ಎನ್ನುವರು. ಒಮ್ಮೆ ಅವರು ಬೇಡವೆಂದರೂ ಕೇಳದೆ ಆಡಿದವನೊಬ್ಬ ಇಂದಿಗೂ ಕೋಲೂರಿಕೊಂಡೇ ಪ್ರಸಾದಕ್ಕೆ ಬರುತ್ತಾನೆ.

ಆ ವರ್ಷ ಹೆಜ್ಜೆ ನೋಡುವ ಕೆಲಸವನ್ನು ಗುರುಗಳು ಶಿಷ್ಯ ಶಂಭುಲಿಂಗನಿಗೆ ಕಲಿಸಿದ್ದರು.

ಮಠದ ತಂಡ ಹನ್ನೊಂದು ವರ್ಷಗಳ ಮೇಲೆ ಫೈನಲ್ ಮುಟ್ಟಿತ್ತು. ಮುಟ್ಟಿಸಿದವನು ಗೌರೀಶ. ಸೆಮಿಫೈನಲ್‌ನಲ್ಲಿ ಕೊನೆಯ ಗೋಲು ಹೊಡೆದವನೇ ಬಲತೊಡೆಯ ಹಿಂಬದಿ ಹಿಡಿದುಕೊಂಡದ್ದನ್ನು ಶಂಭುಲಿಂಗನೊಬ್ಬನೇ ಕಂಡಿದ್ದ. ಫೈನಲ್ ಇದ್ದದ್ದು ಮರುದಿನ ಸಂಜೆಯೇ.

ಬೆಳಗ್ಗೆ ನಡೆಯುವಾಗ ಹಿಮ್ಮಡಿ ಗಟ್ಟಿಯಾಗಿ ಊರು, ಬೆರಳು ಎಳೆಯಬೇಡ, ಎರಡೂ ಕಾಲನ್ನು ಒಂದೇ ಅಳತೆಗೆ ಇಡು ಎಂದು ಶಂಭುಲಿಂಗ ಅವನಿಗೆ ಹೇಳಿಕೊಟ್ಟ.

ಗೌರೀಶ ನಕ್ಕ. "ಗುರುಗಳಿಗೇ ಟೋಪಿ ಹಾಕ್ತೀಯೇನೋ?"

"ಒಂದು ದಿನದ ಮಟ್ಟಿಗೆ ಕಣೋ. ಗೆದ್ದು ಬಂದ ಮೇಲೆ ನಾನೇ ಕಾಲಿಗೆ ಬೀಳ್ತೀನಿ."

ಬೆಳಗಾಯಿತು. ಹೊಳೆಯ ಮೇಲೆ ಮಂಜು. ಆಟಗಾರರು ನಡೆದು ಹೋದರು. ಒಂದು ಹಕ್ಕಿಯೂ ಕೂಗಲಿಲ್ಲ.

ಗುರುಗಳು ಶಿಷ್ಯನ ಹೆಗಲು ಹಿಡಿದು ಬಂದರು. "ಗೌರೀಶನದು ಯಾವುದಪ್ಪ?"

"ಇದು, ಬುದ್ಧಿ. ಎರಡೂ ಸಮವಾಗಿವೆ. ಆಡಬಹುದು."

ಗುರುಗಳು ಕೂತು ಅಂಗೈ ಇಟ್ಟರು. ತಣ್ಣಗಿನದೇನೋ ತಾಕಿದವರಂತೆ ಕೈ ಹಿಂದೆಗೆದರು.

"ಇಲ್ಲಿ ಯಾರೂ ನಡೆದಿಲ್ಲವಲ್ಲ."

ಶಂಭುಲಿಂಗ ಬಗ್ಗಿ ನೋಡಿದ. ಉಳಿದವರ ಹೆಜ್ಜೆಗಳಲ್ಲೆಲ್ಲ ನೀರು ಒಸರಿ ನಿಂತಿತ್ತು. ಗೌರೀಶನ ಹೆಜ್ಜೆಗಳು ಮಾತ್ರ ಒಣಗಿದ್ದವು.

"ನಾನೇ ಕಣ್ಣಾರೆ ಕಂಡೆ, ಬುದ್ಧಿ," ಎಂದ.

"ನಿನ್ನೆ ಪೂರ್ತಿ ಆಟ ಓಡಿದ ಕಾಲು ಏನನ್ನೂ ಹೇಳುತ್ತಿಲ್ಲ. ಯಾರೋ ಅದರ ಬಾಯಿ ಮುಚ್ಚಿದ್ದಾರೆ."

ಗುರುಗಳು ಬಯ್ಯಲಿಲ್ಲ. ಆ ಕರುಣೆಯ ಮುಖದಲ್ಲಿ ಸಿಟ್ಟಿಗೆ ಎಂದೂ ಜಾಗವಿರಲಿಲ್ಲ. ನೀನೂ ಒಂದಿಷ್ಟು ನಡೆದು ಬಾ ಎಂದರು ಅಷ್ಟೇ.

ಅವನು ಬಟ್ಟೆ ಒಗೆಯುವ ಕಲ್ಲಿನವರೆಗೆ ನಡೆದು, ತಿರುಗಿ ನೋಡಿದ.

ಎಡ ಹೆಜ್ಜೆ ಸರಿಯಾಗಿತ್ತು. ಬಲ ಹೆಜ್ಜೆಯಲ್ಲಿ ಹಿಮ್ಮಡಿಯೇ ಊರಿರಲಿಲ್ಲ. ಬೆರಳುಗಳು ಮರಳನ್ನು ಉದ್ದಕ್ಕೂ ಗೀರಿಕೊಂಡು ಬಂದಿದ್ದವು.

ತೊಡೆ ಒತ್ತಿ ನೋಡಿಕೊಂಡ. ನೋವಿಲ್ಲ. ಶಿವನಾಮ ನೆನೆಯುತ್ತಾ, ಹಿಮ್ಮಡಿ ಒತ್ತಿ ಒತ್ತಿ ಊರುತ್ತಾ ಮತ್ತೆ ಹತ್ತು ಹೆಜ್ಜೆ ನಡೆದ. ಮತ್ತೆ ಅದೇ ಗೀರು. ಊರಿದ ಹಿಮ್ಮಡಿಯ ಗುರುತು ಮರಳಿನಲ್ಲಿ ಮೂಡಲೇ ಇಲ್ಲ.

ದೂರದಿಂದ, ಮಂಜಿನೊಳಗಿಂದ ಗುರುಗಳ ದನಿ ಮೆಲ್ಲಗೆ ಬಂತು. "ಬಲಗಾಲು, ಅಲ್ಲವೇ?"

ಶಂಭುಲಿಂಗ ಓಡಿ ಬಂದು ಪಾದ ಹಿಡಿದುಕೊಂಡ. ನಡೆದದ್ದನ್ನೆಲ್ಲ ಬಿಚ್ಚಿ ಹೇಳಿದ. ಗೌರೀಶ ಆಗಲೇ ಬೂಟು ಹೆಗಲಿಗೆ ಹಾಕಿಕೊಂಡು ಮೈದಾನದ ಕಡೆ ಹೊರಟಿದ್ದಾನೆ, ಅವನಿಲ್ಲದಿದ್ದರೆ ನಾವು ಸೋಲುತ್ತೇವೆ ಎಂದೂ ಅತ್ತ.

"ನನ್ನ ಕಾಲಿಗೆ ಏನೂ ಆಗಿಲ್ಲ, ಬುದ್ಧಿ. ಮತ್ತೆ ಇದು ಯಾರ ಕುಂಟು?"

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಬಚ್ಚಿಡೋದಕ್ಕೆ ಅಂತ ನೀನು ಅವನಿಂದ ಇಸಕೊಂಡದ್ದು, ಮಗು. ಅದಿಲ್ಲದೆ ಓಡಿದರೆ ಅವನ ಕಾಲು ಉಳಿಯೋದಿಲ್ಲ. ಆಟ ಶುರುವಾಗೋ ಮುಂಚೆ ವಾಪಸ್ ಕೊಟ್ಟು ಬಾ."