ಬಲೆಗಣ್ಣಿನ ಪಟ್ಟಿ

"ಅಜ್ಜಯ್ಯ, ನಲವತ್ತು ಜನ ಒಂದು ಮಾತನ್ನು ಒಪ್ಪಿರುವಾಗ ಒಬ್ಬ ಮಾತ್ರ ಅಲ್ಲ ಎಂದರೆ, ಅವನಿಗೆ ಎಷ್ಟು ದಿನ ಕಿವಿಗೊಡಬೇಕು?"

ಮಠದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಶಿಷ್ಯ ಕೊಟ್ರಯ್ಯ ಹೀಗೆ ಕೇಳಿದ. ಗುರುಗಳು ಓದುತ್ತಿದ್ದ ಪುಸ್ತಕದಲ್ಲಿ ಗುರುತಿಗೆಂದು ಒಂದು ಬಿದಿರಿನ ಪಟ್ಟಿ ಇಟ್ಟು ಮುಚ್ಚಿದರು.

"ಸುತ್ತಿ ಬಳಸಿ ಯಾಕೆ ಕೇಳುತ್ತೀಯ? ಯಾರನ್ನು ಹೊರಗೆ ಹಾಕಿದೆ, ಅದನ್ನು ಹೇಳು."

"ಅಡುಗೆಯ ಮರುಳಪ್ಪನನ್ನು. ಬಾವಿಯ ನೀರು ಕೆಟ್ಟಿದೆ ಎಂದು ಒಂದೇ ಹಠ. ಬಾವಿ ತೋಡಿಸಿಕೊಟ್ಟ ದಾನಿಗಳು ಬಂದಾಗ ಅವರೆದುರೂ ಅದನ್ನೇ ಹೇಳಿದ. ನಲವತ್ತು ಜನ ಅದೇ ನೀರು ಕುಡಿಯುತ್ತೇವೆ, ಯಾರೂ ಚಕಾರ ಎತ್ತಿಲ್ಲ. ಇವತ್ತು ಬೆಳಿಗ್ಗೆ ಗಂಟು ಕಟ್ಟು ಎಂದೆ. ಹೋದ."

"ಹೋದನೋ! ಹಾಗಾದರೆ ಕೂತುಕೋ. ಮೀನು ಹಿಡಿಯುವವರ ಕತೆ ಇದು. ಮಠದಲ್ಲಿ ಮೀನಿನ ಮಾತೇ ಎಂದು ಮೂಗು ಮುರಿಯಬೇಡ."

ಗುರುಗಳು ಹೇಳತೊಡಗಿದರು.

ಒಂದು ಹೊಳೆ. ದಂಡೆಯಲ್ಲಿ ಮೂವತ್ತು ಮನೆ ಬೆಸ್ತರು. ಬೇಸಿಗೆ ಶುರುವಾದರೆ ಹೊಳೆ ಇಳಿದು ತಿಳಿಯಾಗುತ್ತದೆ. ಮೀನೆಲ್ಲ ಆಳದ ಮಡುಗಳಿಗೆ ಬಂದು ಸೇರುತ್ತವೆ. ಆಗ ಹಿಡಿಯುವುದು ಸುಲಭ, ಹೊಳೆಯನ್ನು ಬರಿದು ಮಾಡುವುದೂ ಸುಲಭ. ಅದಕ್ಕೇ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಹೋಳಿ ಹುಣ್ಣಿಮೆ ಕಳೆದ ಮೇಲೆ ಮಡುವಿಗೆ ಬೀಳುವ ಬಲೆಯ ಕಣ್ಣು ಇಂತಿಷ್ಟೇ ಅಗಲ ಇರಬೇಕು. ಬೆಳೆದ ಮೀನು ಸಿಗಬೇಕು, ಮರಿ ನುಸುಳಿ ಹೋಗಬೇಕು. ನುಸುಳಿದ್ದು ಬೆಳೆದು, ಮುಂಗಾರಿನ ಮೊದಲ ಕೆಂಪು ನೀರಿಗೆ ಎದುರೀಜಿ, ಮೇಲೆ ಹತ್ತಿ ಮೊಟ್ಟೆ ಇಡಬೇಕು.

ಆ ಅಗಲಕ್ಕೆ ಒಂದು ಬಿದಿರಿನ ಪಟ್ಟಿ ಇತ್ತು. ಊರಿಗೆಲ್ಲ ಒಂದೇ. ಎರಡಾದರೆ ಮೋಸ ನಡೆದೀತೆಂದು ಇನ್ನೊಂದು ಮಾಡುವ ಹಾಗಿರಲಿಲ್ಲ. ಬಲೆ ಹೆಣೆಯುವವರು ಊರ ಯಜಮಾನನ ಮನೆಯಿಂದ ಅದನ್ನು ಒಯ್ಯಬೇಕು, ಅದರ ಮೇಲೆ ನೂಲು ಸುತ್ತಿ ಗಂಟು ಹಾಕುತ್ತಾ ಹೆಣೆಯಬೇಕು, ಮುಗಿದ ಮೇಲೆ ತಂದುಕೊಡಬೇಕು. ಅಳತೆ ತಪ್ಪಿದ ಬಲೆಯನ್ನು ದಂಡೆಯ ಮೇಲೆಯೇ ಸುಡುತ್ತಿದ್ದರು. ಬಲೆಯವನು ಮಳೆ ಬರುವವರೆಗೆ ಹೊಳೆಗೆ ಇಳಿಯುವಂತಿರಲಿಲ್ಲ.

ಅರವತ್ತು ವರ್ಷ ಹೀಗೆ ನಡೆಯಿತು. ಅಳತೆ ತಪ್ಪಿದ ಒಂದು ಬಲೆಯನ್ನೂ ಸುಡದೆ ಬಿಡಲಿಲ್ಲ. ಆದರೂ ಮೀನು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಾ ಬಂತು. ಮೊಳದುದ್ದದ್ದು ಗೇಣಾಯಿತು, ಗೇಣು ಬೆರಳಾಯಿತು. ಕಾಲ ಕೆಟ್ಟಿತು ಎಂದರು. ಗಂಗಮ್ಮ ಮುನಿದಳು ಎಂದರು. ಅವಳಿಗೊಂದು ಕೋಳಿ ಕೊಟ್ಟರು.

ಒಂದು ಬೇಸಿಗೆಯಲ್ಲಿ ಒಬ್ಬ ಬೆಸ್ತನ ಬಲೆ ಬಂಡೆಗೆ ಸಿಕ್ಕಿ ಹರಿಯಿತು. ಹೊಸದು ಹೆಣೆಯಲು ಪುರುಸೊತ್ತಿಲ್ಲ. ಹೆಂಡತಿ ತುಂಬಿದ ಬಸುರಿ. ಅವನು ಒಲೆಯ ಹೊಗೆ ತಗಲುತ್ತಿದ್ದ ಅಟ್ಟ ಹತ್ತಿ, ಅವನಜ್ಜಿ ಹೆಣೆದಿಟ್ಟಿದ್ದ ಹಳೆಯ ಬಲೆ ಇಳಿಸಿದ. ಮಡುವಿಗೆ ಎಸೆದ. ಇಡೀ ದಿನಕ್ಕೆ ಮೂರು ಮೀನು ಸಿಕ್ಕವು. ಮರಿಗಳೆಲ್ಲ ಕಣ್ಣಿನಿಂದ ಸುರಿದುಹೋದವು. ಅವನು ಅಜ್ಜಿಯ ಬಲೆಯನ್ನೂ ಹರಿದ ಬಲೆಯನ್ನೂ ಪಕ್ಕಪಕ್ಕ ಹರಡಿ ಬಹಳ ಹೊತ್ತು ನೋಡಿದ. ಆಮೇಲೆ ಎರಡನ್ನೂ ಹೆಗಲಿಗೆ ಹಾಕಿಕೊಂಡು ಯಜಮಾನನ ಕಟ್ಟೆಗೆ ಬಂದ.

"ಯಜಮಾನರೇ, ಪಟ್ಟಿ ಸವೆದಿದೆ. ನಾವು ಹಿಡಿಯುತ್ತಿರುವುದು ಮರಿಗಳನ್ನು. ಈ ಬೇಸಿಗೆ ಮಡುವಿಗೆ ಬಲೆ ಬಿಡಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ."

ಜನ ನಕ್ಕರು. "ಬಿದಿರು ಸವೆಯಿತಂತೆ! ನೂಲಿಗೆ ಹಲ್ಲು ಬಂದಿರಬೇಕು ಕಣಪ್ಪ," ಎಂದ ಒಬ್ಬ. "ನಿಮ್ಮಜ್ಜಿಗೆ ಕಣ್ಣು ಮಂಜಾಗಿತ್ತು, ಕೈಗೆ ಬಂದ ಹಾಗೆ ಹೆಣೆದಿದ್ದಾಳೆ," ಎಂದಳು ಒಬ್ಬಳು.

ಯಜಮಾನ ನ್ಯಾಯವಂತ. ನಗುವವರನ್ನು ಸುಮ್ಮನಿರಿಸಿ, ಊರಿನ ಬಲೆಗಳನ್ನೆಲ್ಲ ತರಿಸಿದ. ಒಂದೊಂದಕ್ಕೂ ಪಟ್ಟಿ ಹಿಡಿದ. ಮೂವತ್ತು ಬಲೆಗೂ ಸರಿಯಾಗಿ ಕೂತಿತು. ಹಳೆಯ ಬಲೆಯ ಕಣ್ಣಿನಲ್ಲಿ ಮಾತ್ರ ಪಟ್ಟಿ ಸಡಿಲವಾಗಿ ಆಡಿತು.

"ನೋಡಿದೆಯಾ? ಊರಿನದೆಲ್ಲ ಒಂದೇ ಅಳತೆ. ನಿನ್ನದೊಂದೇ ಬೇರೆ."

ಬೆಸ್ತ ಕೈಮುಗಿದ. "ಪಟ್ಟಿಯನ್ನು ತಿರುಗಿಸಿ ಹಿಡಿಯಿರಿ. ನೂಲು ಉಜ್ಜುವುದು ನಡುವಿಗೆ, ಹಿಡಿಯುವ ತುದಿಗಲ್ಲ. ಆ ತುದಿ ಒಮ್ಮೆ ತೋರಿಸಿ, ಸಾಕು."

ತುದಿ ಯಜಮಾನನ ಮುಷ್ಟಿಯೊಳಗಿತ್ತು. ಅವನ ಹೆಬ್ಬೆರಳಿಗೆ ಅಲ್ಲಿ ಒಂದು ಮೆಟ್ಟಿಲು ತಗಲಿತು. ತುದಿ ಅಗಲ, ಅಲ್ಲಿಂದ ಮುಂದೆ ಕಿರಿದು. ಎಷ್ಟೋ ವರ್ಷಗಳಿಂದ ತಗಲುತ್ತಿತ್ತು, ಅವತ್ತು ಅರ್ಥವಾಯಿತು. ಅವನು ಮುಷ್ಟಿ ಬಿಚ್ಚಲಿಲ್ಲ. ಬಿಚ್ಚಿದರೆ ಇದುವರೆಗೆ ತಾನು ಸುಟ್ಟ ಬಲೆಗಳು, ತನ್ನಪ್ಪ ಸುಟ್ಟ ಬಲೆಗಳು, ಎಲ್ಲಕ್ಕೂ ಜವಾಬು ಹೇಳಬೇಕು. ಆ ಪಟ್ಟಿ ಹಿಡಿದು ಬಲೆ ಹೆಣೆದ ಕೈಗಳು ಅಲ್ಲಿ ಇನ್ನೂ ಎಷ್ಟೋ ಇದ್ದವು. ಒಂದೂ ಮೇಲೇಳಲಿಲ್ಲ.

"ನಮ್ಮಪ್ಪ ಹಿಡಿದ ಹಾಗೆಯೇ ನಾನೂ ಹಿಡಿದಿದ್ದೇನೆ," ಎಂದ ಯಜಮಾನ.

ಒಬ್ಬ ಮುದುಕ ಮಾತ್ರ ಮೆಲ್ಲಗೆ, "ಕಣ್ಣು ಅಗಲ ಇದ್ದರೆ ಹೊಳೆಗೇನು ನಷ್ಟ? ಬಿಟ್ಟುಬಿಡಿ," ಎಂದ. "ಅಳತೆ ಅಂದಮೇಲೆ ಅಳತೆ," ಎಂದ ಯಜಮಾನ. ಅಜ್ಜಿಯ ಬಲೆಯನ್ನು ದಂಡೆಯ ಮೇಲೆ ಸುಟ್ಟರು. ಒಣಗಿದ ಹಳೆಯ ನೂಲು, ಬೇಗ ಉರಿಯಿತು.

ಬೆಸ್ತ ಹೊಳೆಗೆ ಇಳಿಯುವಂತಿಲ್ಲ. ಮನೆಯಲ್ಲಿ ಬಸುರಿ. ಅವನು ಹೊಳೆಯ ಮೇಲ್ಗಡೆ ಎರಡು ಹರದಾರಿ ನಡೆದು, ಊರಿನ ಗಡಿ ದಾಟಿ, ಬಂಡೆಗಳ ಸಂದಿನ ಕೆಸರಿನಲ್ಲಿ ಕೈಯಿಂದಲೇ ಏಡಿ, ಮೀನು ತಡಕಿ ತರುತ್ತಿದ್ದ. ಹತ್ತನೆಯ ದಿನ ಒಂದು ಬಿಲದಲ್ಲಿ ನಾಗರಹಾವು ಇತ್ತು. ದನ ಕಾಯುವವರು ಅವನನ್ನು ಕಂಬಳಿಯಲ್ಲಿ ಹೊತ್ತು ತಂದರು. ಊರು ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

ಅವನ ಹೆಂಡತಿ ಅಳಲಿಲ್ಲ. ಹೊಟ್ಟೆ ಹಿಡಿದುಕೊಂಡು ಯಜಮಾನನ ಬಾಗಿಲಿಗೆ ಬಂದು ನಿಂತಳು. "ಬಲೆ ಇದ್ದವನು ಬಿಲಕ್ಕೆ ಯಾಕೆ ಕೈ ಹಾಕುತ್ತಾನೆ, ಯಜಮಾನರೇ?" ಎಂದು ಕೇಳಿದಳು. ಅವಳು ಅದೇ ದಿನ ತವರಿನ ದಾರಿ ಹಿಡಿದಳು. ದಾರಿಯಲ್ಲೇ ಹೆತ್ತಳು ಎಂದು ಸುದ್ದಿ ಬಂತು. ಮಗು ಉಳಿಯಲಿಲ್ಲ ಎಂದೂ ಬಂತು.

ಆಗಲಾದರೂ ಯಜಮಾನ ಹೇಳಬಹುದಿತ್ತು. ಮಳೆಗೆ ಇನ್ನೂ ತಿಂಗಳಿತ್ತು, ಮಡುವಿನಲ್ಲಿ ಇನ್ನೂ ಮೀನಿತ್ತು. ಹೇಳಲಿಲ್ಲ. ಹೇಳಿದರೆ ಹೆಣ ತನ್ನ ಬಾಗಿಲಿಗೆ ಬರುತ್ತದೆ ಎಂಬ ಹೆದರಿಕೆ. ಉಳಿದ ಇಪ್ಪತ್ತೊಂಬತ್ತು ಬಲೆಗಳು ಮಡುವಿಗೆ ಬಿದ್ದವು, ಬಿದ್ದೇ ಬಿದ್ದವು.

ಮುಂಗಾರು ಬಂತು. ಕೆಂಪು ನೀರು ನುಗ್ಗಿ ಬಂತು. ಮೀನು ಹತ್ತುವುದನ್ನು ನೋಡಲು ಊರೆಲ್ಲ ಎಂದಿನಂತೆ ದಂಡೆಯಲ್ಲಿ ನಿಂತಿತು. ಬರೀ ನೀರು ಹರಿಯಿತು. ಮರುವರ್ಷವೂ ಅಷ್ಟೆ. ಮೂರನೆಯ ವರ್ಷಕ್ಕೆ ಉಳಿದ ಮನೆಗಳೂ ದಿಕ್ಕಿಗೊಂದಾಗಿ ಹೋದವು. ಬಲೆಗಳನ್ನು ಗೂಟಗಳ ಮೇಲೆಯೇ ಬಿಟ್ಟುಹೋದರು. ಯಾವುದರದೂ ಅಳತೆ ತಪ್ಪಿರಲಿಲ್ಲ.

ಗುರುಗಳು ನಿಲ್ಲಿಸಿದರು. ಕೊಟ್ರಯ್ಯ ಕೇಳಿದ:

"ಅಜ್ಜಯ್ಯ, ಯಜಮಾನ ಮುಷ್ಟಿ ಬಿಚ್ಚಲೇ ಇಲ್ಲ ಎಂದಿರಿ, ಯಾರಿಗೂ ಹೇಳಲಿಲ್ಲ ಎಂದಿರಿ. ಹಾಗಾದರೆ ಅವನ ಹೆಬ್ಬೆರಳಿಗೆ ತಗಲಿದ್ದು ನಿಮಗೆ ಹೇಗೆ ತಿಳಿಯಿತು?"

ಗುರುಗಳು ಪುಸ್ತಕ ತೆರೆದರು. ಗುರುತಿಗೆ ಇಟ್ಟಿದ್ದ ಬಿದಿರಿನ ಪಟ್ಟಿಯನ್ನು ತೆಗೆದು ಶಿಷ್ಯನ ಕೈಗೆ ಕೊಟ್ಟರು. ಹಳೆಯ ಬಿದಿರು, ಕೈಯ ಎಣ್ಣೆಗೆ ಕಪ್ಪಾಗಿತ್ತು. ಕೊಟ್ರಯ್ಯ ತುದಿ ಹಿಡಿದ. ಅವನ ಹೆಬ್ಬೆರಳು ಒಂದು ಕಡೆ ತಡೆದು ನಿಂತಿತು. ಅವನು ತಲೆಯೆತ್ತಿದಾಗ ಗುರುಗಳು ಅವನನ್ನೇ ನೋಡುತ್ತಿದ್ದರು.

"ನನ್ನ ನಾಲಿಗೆ ರುಚಿ ಕಳೆದುಕೊಂಡು ವರ್ಷಗಳಾದವು, ಕೊಟ್ರಯ್ಯ. ನೀನು ಹೇಳು, ಬಾವಿಯ ನೀರು ನಿನ್ನ ನಾಲಿಗೆಗೆ ಹೇಗಿತ್ತು?"

ಕೊಟ್ರಯ್ಯ ಪಟ್ಟಿಯ ತುದಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.