ಬಾಗಿಲ ಮೇಲಿನ ಹ್ಯಾಲೋವೀನ್ ಮುಖ

ಪರದೇಶದ ದೆವ್ವದ ಹಬ್ಬವಾದ ಹ್ಯಾಲೋವೀನ್‌ನ ಹಳೇ ಅಲಂಕಾರಗಳನ್ನು ಕೂಡಿಡುವ ಜಯಸಿಂಹಯ್ಯನವರಿಗೆ ಪ್ರತಿಯೊಂದರ ಪೇಟೆ ಬೆಲೆಯೂ ಬಾಯಿಪಾಠ. ಒಂದು ಬೆಳಿಗ್ಗೆ ಬಂಗಾರಪೇಟೆಯ ಮುನಿಲಕ್ಷ್ಮಮ್ಮನ ಮನೆ ಮುಂದೆ ಅವರ ಕಾರು ಗಕ್ಕನೆ ನಿಂತಿತು. ಬಾಗಿಲ ಮೇಲೆ, ದೃಷ್ಟಿಬೊಂಬೆ ಇರಬೇಕಾದ ಜಾಗದಲ್ಲಿ, ರಟ್ಟಿನ ಕುಂಬಳಕಾಯಿ ಮುಖವೊಂದು ಹಲ್ಲು ಕಿರಿಯುತ್ತಿತ್ತು. ಚಿನ್ನದ ಗಣಿಯ ದೊರೆಯೊಬ್ಬ ಊರು ಬಿಡುವಾಗ ಅವಳ ಅತ್ತೆಗೆ ಕೊಟ್ಟುಹೋದದ್ದು.

"ಹಳೇ ರಟ್ಟು, ಗುಜರಿಯವನೂ ಮುಟ್ಟಲ್ಲ. ನೂರು ರೂಪಾಯಿ ಕೊಡ್ತೀನಿ, ಇಳಿಸಮ್ಮ," ಎಂದರು ಗತ್ತಿನಿಂದ. ಕಣ್ಣು ಮಾತ್ರ ಆ ಮುಖ ಬಿಟ್ಟು ಕದಲಲಿಲ್ಲ.

ಮುನಿಲಕ್ಷ್ಮಮ್ಮ ಆ ಕಣ್ಣನ್ನೇ ನೋಡಿದಳು. ಇದರ ನಿಜವಾದ ಬೆಲೆ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳುವ ಹಾಗೆ ಕಾಣಲಿಲ್ಲ. ಸ್ಟೂಲು ಹತ್ತಿ ಆ ರಟ್ಟಿನ ಮುಖವನ್ನು ಇಳಿಸಿದಳು. ಅಂಗಳದ ಒಲೆಯ ಪಕ್ಕ ಇಟ್ಟಳು. ಬೆಂಕಿಪೊಟ್ಟಣ ತೆಗೆದಳು.

"ಏನಮ್ಮ ಮಾಡ್ತಿದ್ದೀಯ?"

"ಇಷ್ಟು ದೊಡ್ಡ ದೃಷ್ಟಿ ಇದಕ್ಕೆ ಇವತ್ತಿನವರೆಗೂ ಬಿದ್ದಿರಲಿಲ್ಲ ಸ್ವಾಮಿ. ದೃಷ್ಟಿ ತಾಗಿದ್ದನ್ನ ನಮ್ಮಲ್ಲಿ ಇಟ್ಕೊಳ್ಳಲ್ಲ, ಸುಟ್ಟುಬಿಡ್ತೀವಿ. ಹೇಗೂ ಗುಜರಿಗೂ ಬೇಡದ್ದು!" ಎನ್ನುತ್ತಾ ಕಡ್ಡಿ ಗೀರಿದಳು.

"ಅಯ್ಯಯ್ಯೋ, ನಲವತ್ತು ಸಾವಿರದ್ದು ಕಣಮ್ಮ ಅದು!" ಜಯಸಿಂಹಯ್ಯನವರು ಕೂಗಿಯೇಬಿಟ್ಟರು. ಕೂಗಿದ ಮೇಲೆ ಬಾಯಿ ಮುಚ್ಚಿಕೊಂಡರು.

ಮುನಿಲಕ್ಷ್ಮಮ್ಮ ಉರಿಯುವ ಕಡ್ಡಿಯನ್ನು ನಿಧಾನವಾಗಿ ಒಲೆಗೆ ಹಿಡಿದಳು.

"ಕೂತ್ಕೊಳ್ಳಿ ಸ್ವಾಮಿ, ಟೀ ಕಾಸ್ತೀನಿ. ನಲವತ್ತರಿಂದ ಮಾತು ಶುರು ಮಾಡೋಣ."