ಸುಂಕದ ಕಟ್ಟೆಯ ದುಭಾಷಿ

“ಗುರುಗಳೇ, ಕಾಪಾಡುವುದು ಎನ್ನುವುದಕ್ಕೆ ಯಾವ ಭಾಷೆಯಲ್ಲಿರುವ ಮಾತು ಎಲ್ಲಕ್ಕಿಂತ ದೊಡ್ಡದು?” ಎಂದು ಅಡವಯ್ಯ ಕೇಳಿದ.

ಮಠಕ್ಕೆ ನಾನಾ ಸೀಮೆಯ ಯಾತ್ರಿಕರು ಬರುತ್ತಿದ್ದರು. ಬಂದವರನ್ನೆಲ್ಲ ವಿಚಾರಿಸಿ ಅಡವಯ್ಯ ಒಂದು ಪಟ್ಟಿ ಮಾಡಿದ್ದ. ಅದನ್ನು ಓದಿದ: “ತಮಿಳರು ಅಡೈಕ್ಕಲಂ ಎನ್ನುತ್ತಾರೆ. ಮರಾಠಿಯವರು ಪಾಠರಾಖಣ ಎನ್ನುತ್ತಾರೆ, ಬೆನ್ನು ಕಾಯುವುದು ಎಂದು ಅರ್ಥವಂತೆ. ತೆಲುಗಿನಲ್ಲಿ ಅಂಡ, ಮಲಯಾಳದಲ್ಲಿ ತುಣ, ಪಾರಸಿಯಲ್ಲಿ ಪನಾಹ್. ಸಂಸ್ಕೃತದಲ್ಲಿ ಶರಣ, ತ್ರಾಣ, ರಕ್ಷೆ. ನಮ್ಮಲ್ಲಿ ಮರೆ, ಆಸರೆ, ನೆರಳು. ಒಟ್ಟು ಹನ್ನೊಂದಾಯಿತು. ಯಾವುದನ್ನು ಮೇಲೆ ಬರೆಯಲಿ?”

ಗುರುಗಳು ಪಟ್ಟಿಯನ್ನು ನೋಡಲಿಲ್ಲ. “ಕೂತುಕೋ” ಎಂದು ಈ ಕತೆ ಹೇಳಿದರು.

ಒಂದು ಕಣಿವೆಯ ದಾರಿಯಲ್ಲಿ ಸುಂಕದ ಕಟ್ಟೆ ಇತ್ತು. ಅಲ್ಲಿ ಒಬ್ಬ ದುಭಾಷಿ ಇದ್ದ. ಅವನಿಗೆ ಒಂಬತ್ತು ಭಾಷೆಗಳು ಬರುತ್ತಿದ್ದವು.

ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ಕಟ್ಟೆಯ ಮುಂದೆ ನಿಂತು ಯಾರಾದರೂ ತಮ್ಮ ಭಾಷೆಯಲ್ಲಿ ಕಾಪಾಡಿ ಎಂದು ಕೇಳಿದರೆ, ಆ ಗಳಿಗೆಯಿಂದ ಅವರು ಅರಸನ ಹೊಣೆ. ಬೆನ್ನಟ್ಟಿ ಬಂದವರು ಅವರನ್ನು ಮುಟ್ಟುವಂತಿಲ್ಲ. ಆದರೆ ಮಾತು ಕೇಳುವವರ ಬಾಯಿಂದಲೇ ಬರಬೇಕು. ದುಭಾಷಿ ಅದನ್ನು ಹೇಳಿಕೊಡಕೂಡದು. ಹಿಂದೆ ಇದ್ದ ದುಭಾಷಿಯೊಬ್ಬ ತನಗೆ ಬೇಕಾದವರಿಗೆಲ್ಲ ಹೇಳಿಕೊಟ್ಟು ಒಳಗೆ ಬಿಟ್ಟಿದ್ದನಂತೆ. ಅಂದಿನಿಂದ ಈ ನಿಯಮ.

ಈ ದುಭಾಷಿ ಅಂಥವನಲ್ಲ. ತನಗೆ ಬಾರದ ಭಾಷೆಯವರು ಬಂದರೂ ಆ ಒಂದು ಮಾತಾದರೂ ತನ್ನ ಕಿವಿಗೆ ಗುರುತು ಸಿಗಲಿ ಎಂದು ಅವನು ಒಂದು ಪುಸ್ತಕ ಇಟ್ಟಿದ್ದ. ಕಟ್ಟೆ ದಾಟುವ ವರ್ತಕರನ್ನು ನಿಲ್ಲಿಸಿ, “ನಿಮ್ಮಲ್ಲಿ ಕಾಪಾಡು ಎನ್ನುವುದಕ್ಕೆ ಏನೆನ್ನುತ್ತಾರೆ?” ಎಂದು ಕೇಳಿ ಬರೆದುಕೊಳ್ಳುತ್ತಿದ್ದ. ಕಾಪಾಡಿ ಎಂದು ಕೇಳಿ ಬಂದವರ ದಾಖಲೆಯೂ ಅದೇ ಪುಸ್ತಕದಲ್ಲಿ. ಪುಸ್ತಕದಲ್ಲಿ ಚಿತ್ತಿಲ್ಲ, ಕಾಟಿಲ್ಲ. ಮೇಲಿನ ಬೆಟ್ಟದಿಂದ ಜೇನು ಮಾರಲು ಬರುತ್ತಿದ್ದವನೊಬ್ಬ ತನ್ನ ಜನರ ಮಾತನ್ನು ಹೇಳಿದ್ದ. ಎರಡೇ ಅಕ್ಷರ. ದುಭಾಷಿ ಅದನ್ನು ಬರೆದುಕೊಂಡು ಮುಂದಿನವನನ್ನು ಕರೆದಿದ್ದ.

ಒಂದು ಬೆಳಿಗ್ಗೆ ಬೆಟ್ಟದ ಕಡೆಯಿಂದ ಒಬ್ಬ ಹೆಂಗಸು ಇಳಿದು ಬಂದಳು. ಜೊತೆಗೆ ಐದಾರು ವರ್ಷದ ಮಗಳು, ಕಂಕುಳಲ್ಲಿ ಒಂದು ಗಂಟು. ಕಟ್ಟೆಯ ಮುಂದೆ ಗಂಟನ್ನು ನೆಲಕ್ಕಿಟ್ಟು, ದುಭಾಷಿಯ ಮುಖ ನೋಡುತ್ತ ನಿಂತಳು. ಏನೂ ಹೇಳಲಿಲ್ಲ.

ಅವಳ ಉಡುಗೆ ನೋಡಿ, ಜೇನಿನವನ ಜನ ಎಂದು ದುಭಾಷಿಗೆ ತಿಳಿಯಿತು. ಅವನು ಪುಸ್ತಕ ತೆರೆದು, ಲೇಖನಿಯನ್ನು ಮಸಿಯಲ್ಲಿ ಅದ್ದಿ ಕಾದ. ಅವಳೂ ಕಾದಳು.

ಅಷ್ಟರಲ್ಲಿ ಮೇಲಿನ ತಿರುವಿನಲ್ಲಿ ಇಬ್ಬರು ಗಂಡಸರು ಕಾಣಿಸಿದರು. ಒಬ್ಬನ ಹೆಗಲಲ್ಲಿ ಹಗ್ಗವಿತ್ತು.

“ಬೇಗ ಬರೆದುಕೊಳ್ಳಿ ಸ್ವಾಮಿ” ಎಂದ ಕಟ್ಟೆಯ ಕಾವಲುಗಾರ.

“ಏನೆಂದು ಬರೆಯಲಿ? ಅವಳು ಏನೂ ಕೇಳಿಲ್ಲವಲ್ಲ.”

“ಅವಳ ಕಾಲು ನೋಡಿ. ನಡೆದು ನಡೆದು ಒಡೆದುಹೋಗಿವೆ. ಇನ್ನೇನು ಕೇಳಬೇಕು?”

“ಕಾಲು ಬಾಯಿಬಿಟ್ಟು ಹೇಳಿದರೆ ಅದನ್ನೂ ಬರೆಯುತ್ತೇನಪ್ಪ.”

“ಒಂಬತ್ತು ಭಾಷೆ ಕಲಿತು ಏನು ಬಂತು ಸ್ವಾಮಿ? ನನಗೆ ಬರುವುದು ಒಂದೇ. ನನಗೂ ಗೊತ್ತಾಯಿತು.”

ದುಭಾಷಿಗೆ ಆ ಎರಡಕ್ಷರ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಹೇಳಿಕೊಡಕೂಡದು. ಅವನು ತುಟಿಗಳನ್ನು ಬಿಗಿಹಿಡಿದ. ಅವಳು ಆ ತುಟಿಗಳನ್ನೇ ನೋಡುತ್ತಿದ್ದಳು.

ಆ ಇಬ್ಬರು ಗಂಡಸರೂ ಕಟ್ಟೆಗೆ ಬಂದು ನಿಂತರು. ಹಗ್ಗದವನು ಹೇಳಿದ: “ಇವಳ ಗಂಡ ಸತ್ತ. ಇವಳನ್ನೂ ಮಗಳನ್ನೂ ನಮ್ಮ ಧಣಿ ಇಟ್ಟುಕೊಳ್ಳುತ್ತಾನೆ. ಕರೆದರೆ ಬರಲಿಲ್ಲ, ಓಡಿಬಂದಳು. ನಿಮ್ಮ ಕಟ್ಟಳೆ ನಮಗೂ ಗೊತ್ತು. ಇವಳು ನಿಮ್ಮನ್ನು ಏನಾದರೂ ಕೇಳಿದಳೇ?”

“ಇಲ್ಲ” ಎಂದ ದುಭಾಷಿ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

“ಹಾಗಾದರೆ ಪುಸ್ತಕ ಮುಚ್ಚಿ, ಯಜಮಾನರೇ.”

ಹಗ್ಗದವನು ಒಂದು ಹೆಜ್ಜೆ ಮುಂದಿಟ್ಟ. ಹೆಂಗಸು ದುಭಾಷಿಯ ಮುಖದಿಂದ ಕಣ್ಣು ತೆಗೆದಳು. ಮಗಳ ತೋಳು ಹಿಡಿದು ತನ್ನ ಬೆನ್ನ ಹಿಂದಕ್ಕೆ ಎಳೆದುಕೊಂಡಳು. ಆಗ ಆ ಎರಡಕ್ಷರ ಹೇಳಿದಳು.

“ಕೇಳಿದಳು!” ಎಂದು ದುಭಾಷಿ ಎದ್ದು ನಿಂತ. ನಿಂತುಕೊಂಡೇ ಬರೆದ: ಇಂಥ ದಿನ, ಇಂಥ ಹೊತ್ತಿಗೆ, ಬೆಟ್ಟದ ಹೆಂಗಸೊಬ್ಬಳು ಮಗಳ ಸಮೇತ ಬಂದು ಕಾಪಾಡಿ ಎಂದು ಕೇಳಿದಳು. ಕಾವಲುಗಾರ ಈಟಿಯನ್ನು ಅಡ್ಡ ಹಿಡಿದ. ಬಂದಿದ್ದ ಇಬ್ಬರೂ ಬೈಯುತ್ತ ಹಿಂದಿರುಗಿದರು.

ಅರಸನ ಕಡೆಯಿಂದ ತಾಯಿ ಮಗಳಿಗೆ ಕಟ್ಟೆಯ ಹಿಂದೆ ಒಂದು ಗುಡಿಸಲು ಸಿಕ್ಕಿತು. ತಿಂಗಳಿಗಿಷ್ಟು ರಾಗಿ ಸಿಕ್ಕಿತು. ಪುಸ್ತಕ ಇಟ್ಟದ್ದು ಸಾರ್ಥಕವಾಯಿತು ಎಂದು ದುಭಾಷಿಗೆ ಅನ್ನಿಸಿತು. ಗುರುತಿನವರು ಬಂದರೆ ಆ ಪುಟವನ್ನು ತೆರೆದು ತೋರಿಸುತ್ತಿದ್ದ.

ಆರು ತಿಂಗಳು ಕಳೆದವು. ಒಂದು ದಿನ ಕಾವಲುಗಾರ ಹೇಳಿದ: “ಅವಳು ಇನ್ನೂ ಗಂಟು ಬಿಚ್ಚಿಲ್ಲ ಸ್ವಾಮಿ. ಮಲಗಿದ್ದನ್ನೂ ನಾನು ಕಂಡಿಲ್ಲ. ಮಗಳನ್ನು ಹಿಂದಿಟ್ಟುಕೊಂಡು ಬಾಗಿಲಿಗೆ ಒರಗಿ ಕೂತೇ ಇರುತ್ತಾಳೆ.”

“ಹೊಸ ಜಾಗ. ಒಗ್ಗಬೇಕು.”

“ಆರು ತಿಂಗಳು ಬೇಕೇ?”

ದುಭಾಷಿ ಮುಂದಿನ ವರ್ತಕನನ್ನು ಕರೆದ.

ಜೇನಿನ ಕಾಲ ಬಂತು. ಜೇನಿನವನೂ ಬಂದ. ದುಭಾಷಿ ಅವನನ್ನು ಕೂರಿಸಿ, ಪುಟ ತೆರೆದು, ನಡೆದದ್ದನ್ನೆಲ್ಲ ಹೇಳಿದ. “ನೀನು ಕೊಟ್ಟ ಎರಡಕ್ಷರದಿಂದ ಎರಡು ಜೀವ ಉಳಿದವು” ಎಂದ.

ಜೇನಿನವನಿಗೆ ಸಂತೋಷವಾದಂತೆ ಕಾಣಲಿಲ್ಲ. “ಅವಳು ನಿಮ್ಮನ್ನು ಕೇಳಲಿಲ್ಲ ಸ್ವಾಮಿ” ಎಂದ. “ನಮ್ಮಲ್ಲಿ ಅದನ್ನು ಕೇಳುವ ಪದ್ಧತಿಯೇ ಇಲ್ಲ. ಕಷ್ಟದಲ್ಲಿ ಬಂದವರು ಗಂಟು ಕೆಳಗಿಟ್ಟು ಬಾಗಿಲಲ್ಲಿ ನಿಲ್ಲುತ್ತಾರೆ. ಮನೆಯವರು ಆ ಮಾತು ಹೇಳುತ್ತಾರೆ. ಹೇಳಿದ ಮೇಲೆ ಏನು ಬಂದರೂ ಅವರ ಮುಂದೆ ಮನೆಯವರೇ ನಿಲ್ಲಬೇಕು. ಬಂದವರು ತಾವಾಗಿ ಬಾಯಿಬಿಟ್ಟರೆ, ನಿಮಗೆ ಕಣ್ಣಿಲ್ಲವೇ ಎಂದು ಮನೆಯವರನ್ನು ಬೈದಂತೆ.”

“ಹಾಗಾದರೆ ಅವಳು ಅಂದು ಹೇಳಿದ್ದು?”

“ಮಗಳಿಗೆ. ನೀವು ಯಾರೂ ಹೇಳದಿದ್ದಾಗ ಅವಳೇ ಹೇಳಿದಳು. ಇವತ್ತಿಗೂ ಆ ಹುಡುಗಿಯ ಮುಂದೆ ಅವಳೊಬ್ಬಳೇ ಇದ್ದಾಳೆ. ಹೇಗೆ ಮಲಗುತ್ತಾಳೆ?”

ದುಭಾಷಿಗೆ ಸಿಟ್ಟು ಬಂತು. “ಇದನ್ನು ಅವತ್ತೇ ಏಕೆ ಹೇಳಲಿಲ್ಲ?”

“ಏನೆನ್ನುತ್ತಾರೆ ಎಂದು ಕೇಳಿದಿರಿ, ಹೇಳಿದೆ. ಯಾರು ಯಾರಿಗೆ ಎನ್ನುತ್ತಾರೆ ಎಂದು ನೀವು ಕೇಳಲೇ ಇಲ್ಲ.”

ಜೇನಿನವನು ಹೋದ ಮೇಲೆ ದುಭಾಷಿ ಆ ಪುಟವನ್ನು ನೋಡುತ್ತ ಕೂತ. ಅಷ್ಟು ವರ್ಷಗಳಲ್ಲಿ ಅವನು ಬರೆದ ಒಂದೇ ಸುಳ್ಳು ಅದು. ಹೊಡೆದುಹಾಕಿದರೆ ಪುಸ್ತಕ ಸರಿಯಾಗುತ್ತದೆ. ಹೊಡೆದುಹಾಕಿದರೆ ತಾಯಿ ಮಗಳು ಅರಸನ ಹೊಣೆಯಲ್ಲ, ಹಗ್ಗದವನು ಮತ್ತೆ ಬರಬಹುದು. ಲೇಖನಿಯ ತುದಿಯಲ್ಲಿ ಮಸಿ ಒಣಗಿತು. ಅವನು ಪುಸ್ತಕ ಮುಚ್ಚಿ ಎದ್ದ.

ಆಗ ನಡುಮಧ್ಯಾಹ್ನ. ಹೆಂಗಸು ಗುಡಿಸಲ ಬಾಗಿಲಲ್ಲಿ ಕೂತಿದ್ದಳು. ದುಭಾಷಿ ಅವಳೆದುರು ನಿಂತು ಆ ಎರಡಕ್ಷರ ಹೇಳಿದ. ಅವನ ಬಾಯಲ್ಲಿ ಅದು ಅಷ್ಟು ಚೆನ್ನಾಗಿ ಹೊರಳಲಿಲ್ಲ. ಹೇಳಿ, ಅವಳಿಗೆ ಬೆನ್ನು ಮಾಡಿ, ಬೆಟ್ಟದ ದಾರಿಗೆ ಎದುರಾಗಿ ನಿಂತ. ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಅವನಿಗೆ ತಿಳಿಯದು. ಅದನ್ನೂ ಜೇನಿನವನನ್ನು ಕೇಳಿರಲಿಲ್ಲ.

ಬಿಸಿಲು ಇಳಿಯಿತು. ಹಿಂದೆ ಸದ್ದಿಲ್ಲ. ಅವನು ತಿರುಗಿ ನೋಡಿದ. ಗಂಟು ಬಿಚ್ಚಿತ್ತು. ಒಳಗಿದ್ದ ಕಂಬಳಿಯನ್ನು ನೆಲಕ್ಕೆ ಹಾಸಿ, ಮಗಳ ಪಕ್ಕದಲ್ಲಿ ಕಾಲು ಚಾಚಿಕೊಂಡು ಅವಳು ನಿದ್ದೆ ಹೋಗಿದ್ದಳು.

ದುಭಾಷಿ ಕಟ್ಟೆಗೆ ಹಿಂದಿರುಗಿದ. ಹಳೆಯ ಸಾಲನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ ಅಂದಿನ ದಿನವನ್ನು ಬರೆದು, ‘ಮಾತು ಕೊಟ್ಟಿದ್ದೇನೆ’ ಎಂದು ಸೇರಿಸಿ ರುಜು ಹಾಕಿದ.

ಗುರುಗಳು ಕತೆ ಮುಗಿಸಿದರು.

ಅಡವಯ್ಯ ಪಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೊನೆಯಲ್ಲಿ ಹನ್ನೆರಡು ಎಂದು ಅಂಕಿ ಹಾಕಿದ. “ಆ ಎರಡಕ್ಷರ ಯಾವುದು, ಗುರುಗಳೇ?” ಎಂದ.

ಗುರುಗಳು ಕೇಳಿದರು: “ಯಾರಿಗೆ ಹೇಳುವುದಕ್ಕೆ?”